ಮಾವನ ವಾಚು ರಾತ್ರಿ ಆಕ್ಸಿಜನ್ 86 ಅಂತಿದೆ. ನಂಬಬೇಕಾ, ಬಿಚ್ಚಿಡಬೇಕಾ?

ಅರೇಹಳ್ಳಿ_ಸೊಸೆ · ಜನವರಿ 11, ರಾತ್ರಿ 9.52

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮದು ಬೇಲೂರು ತಾಲ್ಲೂಕು, ಅರೇಹಳ್ಳಿ ಕಡೆ. ಆರು ಎಕರೆ ಕಾಫಿ, ಜೊತೆಗೆ ಮೆಣಸು. ಮನೆಯಲ್ಲಿ ಅತ್ತೆ, ಮಾವ, ನಾನು, ಮಗಳು. ಮನೆಯವರಿಗೆ ಹಾಸನದಲ್ಲಿ ಕೆಲಸ, ಶನಿವಾರ ಬರುತ್ತಾರೆ. ಮೈದುನ ಬೆಂಗಳೂರಿನಲ್ಲಿದ್ದಾನೆ. ಕಳೆದ ವರ್ಷ ಮೇ-ಜೂನ್‌ನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತಲ್ಲ, ಆಗ ಅವನು ಹೆದರಿ ಮಾವನಿಗೆ ಒಂದು ಸ್ಮಾರ್ಟ್ ವಾಚ್ ತಂದು ಕಟ್ಟಿಹೋದ. ಮಾವನಿಗೆ 68 ವರ್ಷ. ಒಂದು ಬಿಪಿ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಡಿಸೆಂಬರ್‌ನಲ್ಲಿ ಎರಡು ಸಲ "ಹೃದಯ ಬಡಿತದ ತಾಳ ಸರಿಯಿಲ್ಲ" ಅಂತ ಎಚ್ಚರಿಕೆ ಬಂತು. ಡಾಕ್ಟರ್ ಹತ್ತಿರ ಹೋದೆವು. ಇಸಿಜಿ ತೆಗೆದು "ನಾರ್ಮಲ್ ಇದೆ, ವಾಚ್ ಬಿಚ್ಚಿಡಿ" ಅಂದು ನಕ್ಕರು. ಈಗ ರಾತ್ರಿ ಆಕ್ಸಿಜನ್ 86, ಒಂದು ದಿನ 83 ಅಂತ ತೋರಿಸುತ್ತಿದೆ. ಬೆಳಗ್ಗೆ ಕೇಳಿದರೆ ಮಾವ "ಚೆನ್ನಾಗಿದೀನಿ ಕಣಮ್ಮ" ಅನ್ನುತ್ತಾರೆ. ಆದರೆ ತೋಟದ ಏರು ಹತ್ತುವಾಗ ವಾಚ್ 128 ತೋರಿಸಿದರೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಡುತ್ತಾರೆ. ಕುಯ್ಲಿನ ಟೈಮು. ಆಳುಗಳು ಒಂದು ಕಡೆ, ಇವರು ಒಂದು ಕಡೆ ಕೂತು ಕೈ ನೋಡಿಕೊಳ್ಳುವುದು.

ಇನ್ನೊಂದು ತಮಾಷೆ. ಮಾವನ ಲೆಕ್ಕವೆಲ್ಲ ಮೈದುನನ ಫೋನಿಗೂ ಹೋಗುತ್ತದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಮೊನ್ನೆ ಗುರುವಾರ ಮಾವ ಫೋನ್ ಒಳಗಿಟ್ಟು ಮಲಗಿದರು. ಅವನಿಗೆ ಏನೂ ಬರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಪಕ್ಕದ ತೋಟದವರಿಗೆ ಫೋನ್ ಮಾಡಿ "ಅಪ್ಪ ಇದಾರಾ ನೋಡಿ" ಅಂದಿದ್ದಾನೆ! ಪಾಪ, ಅವರು ಆನೆ ಓಡಾಡುವ ಹೊತ್ತಿನಲ್ಲಿ ಬ್ಯಾಟರಿ ಹಿಡಿದು ಬಂದು ಬಾಗಿಲು ಬಡಿದರು. ಮಾವ ಎದ್ದು ಬಂದು ಕೇಳಿದ್ದು ಒಂದೇ ಮಾತು. "ಯಾರು ಹೋದ್ರು?"

ಈ ವಾಚನ್ನು ಎಷ್ಟು ನಂಬಬೇಕು? ಗೊತ್ತಿರುವವರು ಹೇಳಿ.

ಬಸ್‌ಸ್ಟ್ಯಾಂಡ್_ಟೀ · ರಾತ್ರಿ 10.05

"ಯಾರು ಹೋದ್ರು" 😂😂 ಮಾವನಿಗೆ ನನ್ನ ನಮಸ್ಕಾರ ತಿಳಿಸಿ.

ಮಂಜರಾಬಾದ್_ಮಂಜು · ರಾತ್ರಿ 10.11

ನಮ್ಮ ಸಕಲೇಶಪುರ, ಆಲೂರು ಕಡೆ ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಗುಂಪು ಯಾವ ತೋಟದ ಹತ್ತಿರ ಇದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ನಿಮ್ಮ ಮೈದುನ ಅಪ್ಪನಿಗೂ ಅದನ್ನೇ ಮಾಡಿದ್ದಾನೆ ಅಷ್ಟೇ. ಆನೆಗೆ ನಾಚಿಕೆ ಇಲ್ಲ, ಮನುಷ್ಯನಿಗೆ ಇರುತ್ತದೆ ಅಲ್ವಾ?

ಬೆಂಗಳೂರಲ್ಲಿರೋ_ಮಗ · ರಾತ್ರಿ 10.30

ಮಂಜು ಅವರೇ, ಸುಲಭವಾಗಿ ಹೇಳಿಬಿಟ್ಟಿರಿ. ನೂರಾರು ಕಿಲೋಮೀಟರ್ ದೂರ ಕೂತವನ ಕಷ್ಟ ನಿಮಗೆ ಗೊತ್ತಿಲ್ಲ. ನಮ್ಮಪ್ಪ ಕೊಪ್ಪದ ಹತ್ತಿರ ಒಬ್ಬರೇ ಇದ್ದಾರೆ. ಅವರು ಎದ್ದು ನಾಲ್ಕು ಹೆಜ್ಜೆ ನಡೆದರು ಅಂತ ಬೆಳಗ್ಗೆ ಆಪ್‌ನಲ್ಲಿ ಕಂಡರೆ ನನಗೆ ಕಾಫಿ ಇಳಿಯುತ್ತದೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಾಗ ವಾಚೇ ನನಗೆ ಮೆಸೇಜ್ ಕಳಿಸಿದ್ದು.

ಮಂಜರಾಬಾದ್_ಮಂಜು · ರಾತ್ರಿ 10.34

ಬಿದ್ದಿದ್ದು ಗೊತ್ತಾಗಲಿ, ಬೇಡ ಅಂದವರಾರು? ರಾತ್ರಿ ಎಷ್ಟು ಸಲ ಮಗ್ಗಲು ಬದಲಿಸಿದರು ಅನ್ನುವುದೂ ಮಗನಿಗೆ ಗೊತ್ತಾಗಬೇಕಾ?

ರಾತ್ರಿಪಾಳಿ · ರಾತ್ರಿ 11.20

ನಾನು ನರ್ಸ್. ಇಪ್ಪತ್ತೆರಡು ವರ್ಷ ಆಯಿತು. ನಿಮ್ಮ ಜಗಳ ಆಮೇಲೆ. ಸೊಸೆಯವರೇ, ಎರಡು ವಿಷಯ ಬೆರೆಸಬೇಡಿ. ಬಡಿತದ ಎಚ್ಚರಿಕೆ ಒಂದು, ಆಕ್ಸಿಜನ್ ಇನ್ನೊಂದು.

ಮೊದಲು ಬಡಿತ. ಇಸಿಜಿ ನಾರ್ಮಲ್ ಅಂದರೆ ಆ ಕಾಗದದಲ್ಲಿ ಬಂದ ಹತ್ತು ಸೆಕೆಂಡು ನಾರ್ಮಲ್ ಅಂತ ಅಷ್ಟೇ. ವಾಚ್ ಹುಡುಕುವ ತೊಂದರೆಗೆ ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತೇವೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಸುಮ್ನೆ ನಡುಗುತ್ತವೆ. ಅದು ಬಂದು ಹೋಗುತ್ತಿರುತ್ತದೆ. ಆಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಹಾಗಾಗಿ 68ರ ವಯಸ್ಸಿನವರಿಗೆ ಎರಡು ಸಲ ಎಚ್ಚರಿಕೆ ಬಂದರೆ ನಕ್ಕು ಬಿಡುವ ವಿಷಯ ಅಲ್ಲ. ಹಾಗಂತ ವಾಚ್ ಹೇಳಿದ್ದೆಲ್ಲ ಅದೇ ಕಾಯಿಲೆಯೂ ಅಲ್ಲ. ನಡುವೆ ಒಂದೊಂದು ಹೆಚ್ಚುವರಿ ಬಡಿತ ಬಂದರೂ, ಪಟ್ಟಿ ಸಡಿಲ ಇದ್ದರೂ ಅದು ಗಲಿಬಿಲಿ ಆಗುತ್ತದೆ.

ಸ್ಟ್ಯಾನ್‌ಫರ್ಡ್‌ನವರು ಆಪಲ್ ವಾಚ್ ಇಟ್ಟುಕೊಂಡು ದೊಡ್ಡ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. 4,19,000ಕ್ಕೂ ಹೆಚ್ಚು ಜನ. ಎಚ್ಚರಿಕೆ ಬಂದಿದ್ದು ಶೇ. 0.52 ಜನರಿಗೆ ಮಾತ್ರ. ಅವರಿಗೆ ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಕಳಿಸಿದರು. ಅದನ್ನು ಹಾಕಿಕೊಂಡು ವಾಪಸ್ ಕಳಿಸಿದವರಲ್ಲಿ ಶೇ. 34 ಜನರಲ್ಲಿ ಕಾಯಿಲೆ ಕಂಡಿತು. ಮೂರರಲ್ಲಿ ಒಬ್ಬರು ಅಂದುಕೊಳ್ಳಿ. ಉಳಿದ ಇಬ್ಬರಿಗೆ ಇಲ್ಲವೇ ಇಲ್ಲ ಅಂತಲೂ ಹೇಳಲು ಆಗುವುದಿಲ್ಲ, ಆ ವಾರ ಬರದೇ ಇದ್ದಿರಬಹುದು.

ನೀವು ಕೇಳಬೇಕಾದ್ದು ಹೋಲ್ಟರ್ ಟೆಸ್ಟ್. ಎದೆಗೆ ವೈರ್ ಅಂಟಿಸಿ 24 ಗಂಟೆ ಮನೆಯಲ್ಲೇ ಓಡಾಡಿಕೊಂಡು ಇರುವುದು. ಹಾಸನದಲ್ಲೇ ಆಗುತ್ತದೆ.

ಆಕ್ಸಿಜನ್ ಬಗ್ಗೆ ಒಂದು ಪ್ರಶ್ನೆ. ಮಾವ ಗೊರಕೆ ಹೊಡೆಯುತ್ತಾರಾ?

ಗಿರಿ_ಓಟ · ಜನವರಿ 12, ಬೆಳಗ್ಗೆ 6.15

ಏರು ಹತ್ತುವಾಗ 128ಕ್ಕೆ ಹೆದರಬೇಕಾ? ನಾನು ಮುಳ್ಳಯ್ಯನಗಿರಿ ರಸ್ತೆಯಲ್ಲಿ ಓಡುತ್ತೇನೆ. 220ರಿಂದ ವಯಸ್ಸು ಕಳೆಯಿರಿ ಅನ್ನುವ ಅಂದಾಜಿನ ಲೆಕ್ಕದಲ್ಲಿ ಅವರ ಮಿತಿ 152. ಏರಿನಲ್ಲಿ ಹೃದಯ ಬೇಗ ಬಡಿಯುವುದೇ ಸರಿ. ಬಡಿಯದೇ ಇದ್ದರೆ ಹೆದರಬೇಕು.

ಇನ್ನೊಂದು ಮಾತು. ಕೈ ಬೀಸಿ ನಡೆಯುವಾಗ ಈ ವಾಚುಗಳು ಹೆಜ್ಜೆಯನ್ನೇ ಬಡಿತ ಅಂತ ಎಣಿಸಿಬಿಡುತ್ತವೆ. ನನಗೆ ಆರಾಮಾಗಿ ಓಡುವಾಗ 168 ತೋರಿಸುತ್ತಿತ್ತು. ಎದೆಗೆ ಬೆಲ್ಟ್ ಕಟ್ಟಿ ನೋಡಿದರೆ 139. ಆ 168 ಏನಪ್ಪ ಅಂದರೆ ನಿಮಿಷಕ್ಕೆ ನನ್ನ ಹೆಜ್ಜೆ!

ರಾತ್ರಿಪಾಳಿ · ಬೆಳಗ್ಗೆ 6.40

ಓಟದವರೇ, ಒಂದು ಸೇರಿಸುತ್ತೇನೆ. ಬಿಪಿ ಮಾತ್ರೆಗಳಲ್ಲಿ ಕೆಲವು ಬಡಿತವನ್ನೇ ತಗ್ಗಿಸುತ್ತವೆ. ಅವರಿಗೆ 220ರ ಲೆಕ್ಕ ನಡೆಯುವುದಿಲ್ಲ. ಏರಿನಲ್ಲಿ ಎದೆ ಹಿಡಿದ ಹಾಗಾಗುತ್ತಾ, ತಲೆ ಸುತ್ತುತ್ತಾ ಅಂತ ಮಾವನನ್ನು ಕೇಳಿ. ಅಂಕಿಗಿಂತ ಅದು ಮುಖ್ಯ.

ನಿವೃತ್ತ_ಮೇಷ್ಟ್ರು · ಬೆಳಗ್ಗೆ 8.02

ನಾನು ಚಿಕ್ಕಮಗಳೂರಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಹೇಳಿಕೊಟ್ಟವನು. ಬಡಿತ ಬಡಿತ ಅಂತ ಎಲ್ಲರೂ ಹೇಳುತ್ತಿದ್ದೀರಿ. ವಾಚಿಗೆ ಬಡಿತ ಕೇಳಿಸುವುದೇ ಇಲ್ಲ.

ಅದರ ಬೆನ್ನಿನಲ್ಲಿ ಹಸಿರು ದೀಪ ಮಿನುಗುತ್ತದಲ್ಲ, ಅದೇ ಎಲ್ಲ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿಗೆ ಸ್ವಲ್ಪ ಜಾಸ್ತಿ ರಕ್ತ ನುಗ್ಗುತ್ತದೆ, ಆಗ ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆ. ಈ ಏರಿಳಿತವನ್ನು ಎಣಿಸಿ ಲೆಕ್ಕ ಹೇಳುತ್ತದೆ. ಕೆರೆಯ ನೀರು ಅಲುಗಿದ್ದು ನೋಡಿ ಗಾಳಿ ಬಂತು ಅನ್ನುವ ಹಾಗೆ. ಎಮ್ಮೆ ಇಳಿದರೂ ನೀರು ಅಲುಗುತ್ತದೆ, ಅದೇ ಓಟದ ಹುಡುಗ ಹೇಳಿದ್ದು.

ಕೆಲವು ವಾಚಿನಲ್ಲಿ ಇಸಿಜಿ ಬೇರೆ ಇದೆ. ಅದಕ್ಕೆ ಇನ್ನೊಂದು ಕೈಯ ಬೆರಳು ಮುಟ್ಟಿಸಬೇಕು. ಆಗ ಒಂದು ಕೈಯಿಂದ ಎದೆ ದಾಟಿ ಇನ್ನೊಂದು ಕೈಗೆ ವಿದ್ಯುತ್ ಅಳೆಯುತ್ತದೆ. ಆಸ್ಪತ್ರೆಯಲ್ಲಿ ಹೃದಯವನ್ನು 12 ದಿಕ್ಕಿನಿಂದ ನೋಡುತ್ತಾರೆ, ಇದು ಒಂದೇ ಕಿಟಕಿ.

ಬಸ್‌ಸ್ಟ್ಯಾಂಡ್_ಟೀ · ಬೆಳಗ್ಗೆ 8.20

ಮೇಷ್ಟ್ರೇ, ನಿಮ್ಮ ಪಾಠ ಓದಿ ಈಗಷ್ಟೇ ನನ್ನ ವಾಚನ್ನು ಪುಟ್ಟಬಾಳೆ ಹಣ್ಣಿಗೆ ಕಟ್ಟಿದೆ. 74 ತೋರಿಸುತ್ತಿದೆ. ಬಾಳೆಹಣ್ಣು ನನಗಿಂತ ಆರೋಗ್ಯವಾಗಿದೆ.

ಹಟ್ಟಿಗೌಡ · ಬೆಳಗ್ಗೆ 8.31

ನಾನು ಬದನೆಕಾಯಿಗೆ ಕಟ್ಟಿದೆ. ಏನೂ ಬರಲಿಲ್ಲ. ಬದನೆಕಾಯಿ ಹೋಗಿಬಿಟ್ಟಿದೆ.

ನಿವೃತ್ತ_ಮೇಷ್ಟ್ರು · ಬೆಳಗ್ಗೆ 8.45

ಅದರಲ್ಲಿ ಆಶ್ಚರ್ಯ ಇಲ್ಲ. 2018ರಲ್ಲಿ ಚೀನಾದಲ್ಲಿ ಟಾಯ್ಲೆಟ್ ಪೇಪರ್ ಸುರುಳಿಗೆ ಬ್ಯಾಂಡ್ ಕಟ್ಟಿ ಬಡಿತ ತೋರಿಸಿ ನಕ್ಕಿದ್ದರು. ಬೆಳಕು ಯಾವುದರಿಂದ ವಾಪಸ್ ಬಂದರೂ ಅದರಲ್ಲಿ ತಾಳ ಹುಡುಕುವುದು ಅದರ ಕೆಲಸ. ಹುಡುಕು ಅಂದರೆ ಏನಾದರೂ ಸಿಕ್ಕೇ ಸಿಗುತ್ತದೆ. ಬದನೆಕಾಯಿ ಕಪ್ಪಗಿದೆ, ಬೆಳಕು ವಾಪಸ್ ಬರಲಿಲ್ಲ.

ಅರೇಹಳ್ಳಿ_ಸೊಸೆ · ಬೆಳಗ್ಗೆ 9.10

ಬೆಳಗ್ಗೆ ಬೆಳಗ್ಗೆ ನಗಿಸಿಬಿಟ್ಟಿರಿ 😂

ರಾತ್ರಿಪಾಳಿ ಅಕ್ಕ, ಏರು ಹತ್ತುವಾಗ ಅವರಿಗೆ ನೋವು, ಸುಸ್ತು ಏನೂ ಇಲ್ಲವಂತೆ. ಅಂಕಿ ನೋಡಿ ಕೂರುವುದಂತೆ. ಇನ್ನು ಗೊರಕೆಯಾ? ಕುಯ್ಲಿನ ಟೈಮಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮೆಷಿನ್ ಓಡಿದ ಹಾಗೆ. ಅತ್ತೆ ಎಂಟು ವರ್ಷದಿಂದ ಮಗಳ ಜೊತೆ ಒಳಕೋಣೆಯಲ್ಲಿ ಮಲಗುತ್ತಾರೆ. ಒಂದು ಹೇಳಬೇಕು. ಗೊರಕೆ ಮಧ್ಯೆ ಒಮ್ಮೊಮ್ಮೆ ಪೂರ್ತಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೊಕ್ ಅಂತ ಉಸಿರೆಳೆದು ಮತ್ತೆ ಶುರು. ಅತ್ತೆ ಅದಕ್ಕೆ "ಗೇರ್ ಬದಲಿಸಿದ್ರು" ಅನ್ನುತ್ತಾರೆ. ಮಧ್ಯಾಹ್ನ ಪೇಪರ್ ಹಿಡಿದ ಹಾಗೇ ನಿದ್ದೆ.

ರಾತ್ರಿಪಾಳಿ · ಬೆಳಗ್ಗೆ 9.25

ಗೇರ್ ಬದಲಿಸುವುದು ಅಲ್ಲ ಅದು. ಉಸಿರು ನಿಲ್ಲುವುದು. ಸ್ಲೀಪ್ ಆಪ್ನಿಯ ಇರಬಹುದು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ, ಆಕ್ಸಿಜನ್ ಇಳಿಯುತ್ತದೆ, ಮಿದುಳು ಎಬ್ಬಿಸುತ್ತದೆ, ಮತ್ತೆ ಅದೇ. ಅವರಿಗೆ ಎದ್ದಿದ್ದು ನೆನಪೂ ಇರುವುದಿಲ್ಲ. ಬಿಪಿಗೂ ಇದಕ್ಕೂ ನಂಟಿದೆ, ಬಡಿತದ ತಾಳ ತಪ್ಪುವುದಕ್ಕೂ ನಂಟಿದೆ. ಹೋಲ್ಟರ್ ಜೊತೆ ಇದನ್ನೂ ಡಾಕ್ಟರಿಗೆ ಹೇಳಿ. ಗೇರ್ ಬದಲಿಸುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ನಿಮ್ಮ ಬಾಯಿಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಸರ್ಕ್ಯೂಟ್ · ಬೆಳಗ್ಗೆ 10.50

ಒಂದು ನಿಮಿಷ. ಮಣಿಕಟ್ಟಿನ ಆಕ್ಸಿಜನ್ ಅಂಕಿಯನ್ನು ಇಷ್ಟು ಬೇಗ ನಂಬಬೇಡಿ. ನಾನು ಇಂಥ ಸೆನ್ಸಾರ್ ಬೋರ್ಡ್‌ಗಳ ಮೇಲೆ ಕೆಲಸ ಮಾಡಿದ್ದೇನೆ, ಊರು ಅರಸೀಕೆರೆ.

ಆಕ್ಸಿಜನ್‌ಗೆ ಹಸಿರು ಬೆಳಕು ಅಲ್ಲ, ಕೆಂಪು ಮತ್ತು ಇನ್‌ಫ್ರಾರೆಡ್. ಆಕ್ಸಿಜನ್ ತುಂಬಿದ ರಕ್ತ ಒಂದನ್ನು ಜಾಸ್ತಿ ಹೀರುತ್ತದೆ, ಖಾಲಿ ರಕ್ತ ಇನ್ನೊಂದನ್ನು. ಎರಡರ ಪಾಲು ನೋಡಿ ಲೆಕ್ಕ. ಜಪಾನಿನ ತಾಕುವೋ ಆಯೋಗಿ ಎಂಬ ಎಂಜಿನಿಯರ್ 1970ರ ದಶಕದ ಮೊದಲಲ್ಲಿ ಕಂಡುಹಿಡಿದಿದ್ದು. ಕೋವಿಡ್‌ನಲ್ಲಿ ಆಶಾ ಕಾರ್ಯಕರ್ತೆಯರು ಬೆರಳಿಗೆ ಹಾಕಿದ ಕ್ಲಿಪ್ಪೂ ಅದೇ. ಆದರೆ ಕ್ಲಿಪ್ಪಿನಲ್ಲಿ ಬೆಳಕು ಬೆರಳನ್ನು ದಾಟಿ ಆ ಕಡೆ ಬರುತ್ತದೆ. ವಾಚಿನಲ್ಲಿ ಹೋದ ಕಡೆಯಿಂದಲೇ ವಾಪಸ್ ಬರಬೇಕು. ಸಿಗುವ ಸಿಗ್ನಲ್ ಬಹಳ ಸಣ್ಣದು. ಜನವರಿ ಚಳಿಗೆ ಕೈ ತಣ್ಣಗಾದರೆ ತಪ್ಪು. ಕೈ ತಲೆಯ ಅಡಿ ಇಟ್ಟು ಮಲಗಿದರೆ ತಪ್ಪು. ಪಟ್ಟಿ ಸಡಿಲ ಇದ್ದರೆ ತಪ್ಪು. ಹಚ್ಚೆ ಇದ್ದರೂ ತಪ್ಪು.

ಚರ್ಮದ ಬಣ್ಣದ ವಿಷಯವೂ ಇದೆ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಆಸ್ಪತ್ರೆಯ ಕ್ಲಿಪ್ಪನ್ನೇ ರಕ್ತಪರೀಕ್ಷೆ ಜೊತೆ ಹೋಲಿಸಿ ನೋಡಿದರು. ನಿಜವಾಗಿ ಆಕ್ಸಿಜನ್ ಕಡಿಮೆ ಇದ್ದರೂ ಕ್ಲಿಪ್ ಹಿಡಿಯದೇ ಹೋದದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ನಮ್ಮ ಬಣ್ಣದವರಿಗೆ ಇದು ಬೇರೆಯವರ ಮನೆಯ ಸುದ್ದಿ ಅಲ್ಲ.

ರಾತ್ರಿಪಾಳಿ · ಬೆಳಗ್ಗೆ 11.02

ಸರ್ಕ್ಯೂಟ್, ನಿಮ್ಮ ಮಾತು ಸರಿ. ಆದರೆ ನಾನು ನಂಬಿದ್ದು 86 ಅನ್ನುವ ಅಂಕಿಯನ್ನಲ್ಲ. ಅತ್ತೆ ಎಂಟು ವರ್ಷದಿಂದ ಒಳಕೋಣೆಯಲ್ಲಿ ಮಲಗುತ್ತಿರುವುದನ್ನು.

ಸರ್ಕ್ಯೂಟ್ · ಬೆಳಗ್ಗೆ 11.04

ಒಪ್ಪಿದೆ 🙏

ಹಟ್ಟಿಗೌಡ · ಮಧ್ಯಾಹ್ನ 1.30

ಚನ್ನರಾಯಪಟ್ಟಣದ ಕಡೆಯಿಂದ. ಹಸುವಿಗೂ ಈಗ ಇಂಥ ಕೊರಳಪಟ್ಟಿ ಬಂದಿದೆ. ಎಷ್ಟು ಮೆಲುಕು ಹಾಕಿತು, ಎಷ್ಟು ಓಡಾಡಿತು ಅಂತ ಲೆಕ್ಕ ಇಡುತ್ತದೆ. ಬೆದೆಗೆ ಬಂದ ಹಸು ಜಾಸ್ತಿ ಓಡಾಡುತ್ತದಲ್ಲ, ಅದನ್ನು ಹಿಡಿದು ಮೊಬೈಲಿಗೆ ಹೇಳುತ್ತದೆ. ನನ್ನ ಸಂಬಂಧಿಕರು ಎರಡು ಹಸುವಿಗೆ ಹಾಕಿಸಿದರು. ಮೂರು ತಿಂಗಳಾದ ಮೇಲೆ ಒಂದು ಪಟ್ಟಿ ಬೇಲಿಗೆ ಸಿಕ್ಕಿ ಹೋಯಿತು. ಅವರ ತಾಯಿ ಕೊಟ್ಟಿಗೆ ಬಾಗಿಲಲ್ಲಿ ನಿಂತು ಕೂಗು ಕೇಳಿಯೇ ಹೇಳಿಬಿಡುತ್ತಾರೆ. ಆದರೆ ನಲವತ್ತು ಹಸು ಇರುವವರಿಗೆ ಅಂಥ ತಾಯಿ ಎಲ್ಲಿ ಸಿಗಬೇಕು? ಅವರಿಗೆ ಪಟ್ಟಿಯೇ ಸರಿ.

ಮೆಡಿಕಲ್_ಶಾಪ್ · ಮಧ್ಯಾಹ್ನ 2.10

ಮೂಡಿಗೆರೆಯಿಂದ. ಒಂದು ವಿಷಯ ಎಲ್ಲರೂ ಕೇಳಿಸಿಕೊಳ್ಳಿ. ಎರಡು ಸಾವಿರದ ವಾಚ್ ಕಟ್ಟಿಕೊಂಡು ಬಂದು "ನೋಡಿ ಸಾರ್, ಶುಗರ್ 98, ಮಾತ್ರೆ ನಿಲ್ಲಿಸಬಹುದಾ" ಅಂತ ಕೇಳುವವರು ತಿಂಗಳಿಗೆ ಇಬ್ಬರಾದರೂ ಬರುತ್ತಾರೆ. ಸೂಜಿ ಚುಚ್ಚದೆ ಮಣಿಕಟ್ಟಿನಿಂದ ಶುಗರ್ ಅಳೆಯುವ ವಾಚನ್ನಾಗಲಿ ಉಂಗುರವನ್ನಾಗಲಿ ತಾನು ಒಪ್ಪಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಕಳೆದ ವಾರ ಬಂದವರಿಗೆ ನನ್ನ ಅಂಗಡಿಯಲ್ಲೇ ಬೆರಳು ಚುಚ್ಚಿ ನೋಡಿದೆ. 267.

ಅಗ್ಗದ ವಾಚಿನ ಬಿಪಿಯೂ ಅದೇ ಕಥೆ. ಯಾವಾಗ ನೋಡಿದರೂ 120/80 ಸುತ್ತಮುತ್ತ. ಸ್ಯಾಮ್‌ಸಂಗ್‌ನಂಥ ಕಂಪನಿಯೇ ತನ್ನ ವಾಚನ್ನು 28 ದಿನಕ್ಕೊಮ್ಮೆ ತೋಳಿಗೆ ಕಟ್ಟುವ ಮೆಷಿನ್ ಜೊತೆ ಹೊಂದಿಸಿಕೊಳ್ಳಿ ಅನ್ನುತ್ತದೆ. ಮೆಷಿನ್ ಬೇಕೇ ಬೇಕು ಅಂದಮೇಲೆ ಮೆಷಿನ್ನೇ ತಗೊಳ್ಳಿ.

ಸಕ್ಕರೆ_ಕಡಿಮೆ · ಮಧ್ಯಾಹ್ನ 2.45

ವಾಚಿನಲ್ಲಿ ಆಗುವುದಿಲ್ಲ ನಿಜ. ತೋಳಿಗೆ ಅಂಟಿಸುವ ಬಿಲ್ಲೆ ಬೇರೆ. ನಾನು ಎರಡು ಸಲ ಹಾಕಿದ್ದೇನೆ. ಹದಿನಾಲ್ಕು ದಿನಕ್ಕೆ ಒಂದು. ಸಣ್ಣ ಎಳೆ ಚರ್ಮದ ಒಳಗೆ ಕೂರುತ್ತದೆ, ನೋವಿಲ್ಲ. ಜೇಬಿಗೆ ನೋವು. ನಾಲ್ಕು ಸಾವಿರದ ಮೇಲೆ ಆಯಿತು.

ಆದರೆ ಕಲಿತದ್ದು ಬಹಳ. ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರಲ್ವಾ? ದೊಡ್ಡ ಮುದ್ದೆ, ತಿಳಿಸಾರು, ನನ್ನ ಲೆಕ್ಕ 205ಕ್ಕೆ ಹೋಯಿತು. ಅರ್ಧ ಮುದ್ದೆ, ಜೊತೆಗೆ ಹುರುಳಿಕಾಳು ಬಸ್ಸಾರು, ಪಲ್ಯ, ಊಟ ಆದ ಮೇಲೆ ಇಪ್ಪತ್ತು ನಿಮಿಷ ನಡಿಗೆ. 158. ಅಕ್ಕಿಕಡುಬು ಮೂರು ತಿಂದ ದಿನದ ಗೆರೆಯನ್ನು ನಾನು ಹೆಂಡತಿಗೆ ತೋರಿಸಿಲ್ಲ.

ಹಾಕಿಕೊಳ್ಳುವವರಿಗೆ ಒಂದು ಕಿವಿಮಾತು. ಅದು ರಕ್ತವನ್ನು ಅಳೆಯುವುದಿಲ್ಲ, ಜೀವಕೋಶಗಳ ನಡುವಿನ ನೀರನ್ನು ಅಳೆಯುತ್ತದೆ. ಅದಕ್ಕೆ ಹತ್ತು ನಿಮಿಷದಷ್ಟು ಹಿಂದೆ ಇರುತ್ತದೆ. ಆ ತೋಳಿನ ಮೇಲೆ ಮಲಗಿದರೆ ರಾತ್ರಿ ಎರಡಕ್ಕೆ "ಶುಗರ್ 55" ಅಂತ ಬಡಿದೆಬ್ಬಿಸುತ್ತದೆ. ನಾನು ಎದ್ದು ಬೆಲ್ಲ ತಿಂದೆ. ಬೆರಳು ಚುಚ್ಚಿ ನೋಡಿದರೆ 112. ಬೆಲ್ಲ ತಿಂದ ಮೇಲೆ ಚುಚ್ಚಿದ್ದು ನನ್ನ ತಪ್ಪು, ಬಿಡಿ.

ಹಟ್ಟಿಗೌಡ · ಮಧ್ಯಾಹ್ನ 2.50

ಮುದ್ದೆ ಬಗ್ಗೆ ಮಾತಾಡಬೇಡಿ ಸ್ವಾಮಿ, ಜಗಳ ಆಗುತ್ತದೆ.

ಸಕ್ಕರೆ_ಕಡಿಮೆ · ಮಧ್ಯಾಹ್ನ 2.52

ಮುದ್ದೆದು ತಪ್ಪಿಲ್ಲ ಗೌಡ್ರೇ. ಗಾತ್ರದ್ದು.

ತೋಟದಮನೆ · ಸಂಜೆ 5.15

ಮುದ್ದೆ ಅಂದಾಗ ನೆನಪಾಯಿತು. ನನ್ನ ಬ್ಯಾಂಡ್ ಮುದ್ದೆ ತಿರುವಿದ್ದನ್ನೂ ಹೆಜ್ಜೆ ಅಂತ ಎಣಿಸುತ್ತದೆ. ಕಾಯಿ ತುರಿದರೆ ಇನ್ನೂರು ಹೆಜ್ಜೆ. ಆದರೆ ಮೊನ್ನೆ ಇಡೀ ದಿನ ರೊಬಸ್ಟಾ ಕಾಫಿ ಕುಯ್ದು ಚೀಲ ಹೊತ್ತು ಬಂದರೆ ಬರೀ 4,100! ಗಿಡದಿಂದ ಗಿಡಕ್ಕೆ ಎರಡು ಹೆಜ್ಜೆ, ನಿಂತಲ್ಲೇ ಕೈ ಕೆಲಸ. ಸಂಜೆ "ಇವತ್ತು ನೀವು ಸಾಕಷ್ಟು ಓಡಾಡಿಲ್ಲ, ಎದ್ದು ನಿಲ್ಲಿ" ಅಂತ ಬುದ್ಧಿ ಹೇಳಿತು. ಎತ್ತಿ ಬಿಸಾಡೋಣ ಅನ್ನಿಸಿತು.

ನಿವೃತ್ತ_ಮೇಷ್ಟ್ರು · ಸಂಜೆ 5.40

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಅನ್ನುವುದೇ ಯಾವ ಡಾಕ್ಟರ್ ಬರೆದ ಚೀಟಿಯೂ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಗಿಸುವ ಹೆಜ್ಜೆ ಮಾಪಕ ಮಾರಲು ಶುರುಮಾಡಿತು. ಅದರ ಹೆಸರು ಮಾನ್‌ಪೊ-ಕೇಯ್. ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರಾಟಕ್ಕೆ ಇಟ್ಟ ಹೆಸರು ಈಗ ಜಗತ್ತಿಗೆಲ್ಲ ನಿಯಮ ಆಗಿಬಿಟ್ಟಿದೆ. ಕಾಫಿ ಕುಯ್ಯುವವರನ್ನು ಅದು ಲೆಕ್ಕಕ್ಕೇ ಹಿಡಿದಿಲ್ಲ.

ಬಸ್‌ಸ್ಟ್ಯಾಂಡ್_ಟೀ · ಸಂಜೆ 6.30

ಎಲ್ಲ ಸರಿ, ಈ ಹುಚ್ಚು ಹಿಡಿಸಿದ್ದೇ ಕಳೆದ ವರ್ಷದ ಟಿವಿ. "ಹಾಸನದಲ್ಲಿ ಮತ್ತೊಂದು ಬಲಿ" ಅಂತ ಬೆಳಗ್ಗೆಯಿಂದ ರಾತ್ರಿವರೆಗೆ. ಎದೆ ಮುಟ್ಟಿಕೊಂಡವರೆಲ್ಲ ಮೈಸೂರಿನ ಜಯದೇವಕ್ಕೆ ಓಡಿದರು. ನಮ್ಮ ಅಂಗಡಿಗೆ ಬರುವ ಆಟೋದವರು ಸಿಗರೇಟು ಬಿಟ್ಟರು. ಹತ್ತು ದಿನ.

ಬೆಂಗಳೂರಲ್ಲಿರೋ_ಮಗ · ಸಂಜೆ 6.41

ಟಿವಿದು ಮಾತ್ರ ತಪ್ಪಾ? ಸತ್ತಿದ್ದು ಸುಳ್ಳಾ? ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರಲ್ಲ.

ನಿವೃತ್ತ_ಮೇಷ್ಟ್ರು · ಸಂಜೆ 7.05

ಸಾವು ಸುಳ್ಳಲ್ಲ. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಅಂತ ಸುದ್ದಿ ಬಂತು. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಹೃದಯಾಘಾತದ ಸಾವು ಹಾಸನದಲ್ಲಿ ಹಿಂದಿಗಿಂತ ವಿಪರೀತವಾಗಿ ಏರಿಲ್ಲ ಅಂತ. ಮೊದಲು ಯಾರೂ ಒಂದು ಕಡೆ ಕೂಡಿಸಿ ಎಣಿಸುತ್ತಿರಲಿಲ್ಲ. ಕ್ಯಾಮೆರಾ ಬಂದ ಮೇಲೆ ಎಣಿಸಿದರು. ಮಾವನ ಕೈಗೆ ವಾಚು ಬಂದ ಹಾಗೆ.

ಬೆಂಗಳೂರಲ್ಲಿರೋ_ಮಗ · ಸಂಜೆ 7.09

ವರದಿ ಓದಿ ಸಮಾಧಾನ ಮಾಡಿಕೊಳ್ಳಲು ಸತ್ತವರ ಮನೆಯವರಿಗೆ ಆಗುತ್ತದಾ ಮೇಷ್ಟ್ರೇ.

ರಾತ್ರಿಪಾಳಿ · ಸಂಜೆ 7.30

ಜಗಳ ಸಾಕು. ಒಂದು ಮಾತ್ರ ನೆನಪಿಡಿ. ಎದೆ ಹಿಂಡಿದ ಹಾಗೆ ಆದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ಸುಮ್ನೆ ಬೆವರು ಕಿತ್ತುಕೊಂಡರೆ ವಾಚ್ ನೋಡುತ್ತಾ ಕೂರಬೇಡಿ. ಹಾರ್ಟ್ ಅಟ್ಯಾಕ್ ಕಂಡುಹಿಡಿಯಲು ಇದಕ್ಕೆ ಆಗುವುದಿಲ್ಲ ಅಂತ ಆಪಲ್‌ನವರೇ ಬರೆದಿದ್ದಾರೆ. ಅಂಕಿ 78 ಇದ್ದರೂ ಅಟ್ಯಾಕ್ ಆಗಿರಬಹುದು. ಸೀದಾ 108, ಇಲ್ಲವೇ ತಾಲ್ಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯವರಿಗೆ ಕಳಿಸುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಹೊರಗೆ ತಗೊಂಡರೆ ಸಾವಿರಾರು ರೂಪಾಯಿ. ಮೊದಲ ಒಂದು ಗಂಟೆ ಬಹಳ ಬೆಲೆಯದ್ದು. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿಸಿ ಆ ಗಂಟೆ ಕಳೆದು ಬಂದವರನ್ನು ನಾನು ಎಷ್ಟು ನೋಡಿದ್ದೇನೋ.

ಅರೇಹಳ್ಳಿ_ಸೊಸೆ · ಜನವರಿ 27, ರಾತ್ರಿ 8.48

ಎಲ್ಲರಿಗೂ ಥ್ಯಾಂಕ್ಸ್. ಸುದ್ದಿ ಹೇಳಲು ಬಂದೆ.

ಹಾಸನದಲ್ಲಿ ಬೇರೆ ಡಾಕ್ಟರ್ ಹತ್ತಿರ ಹೋದೆವು. ಮನೆಯವರು ಅರ್ಧ ದಿನ ರಜೆ ಹಾಕಿದರು. ಹೋಲ್ಟರ್ ಹಾಕಿದರು. ಮಾವ ಅಂಗಿ ಒಳಗೆ ವೈರ್ ಇಟ್ಟುಕೊಂಡು ಪಲ್ಪರ್ ಹತ್ತಿರ ಓಡಾಡಿದರು. "ಬಾಂಬ್ ಕಟ್ಟಿಕೊಂಡ ಹಾಗಿದೆ" ಅಂತ ಆಳುಗಳನ್ನು ಹೆದರಿಸಿದ್ದೂ ಆಯಿತು.

ರಿಪೋರ್ಟ್ ಬಂತು. ಏಟ್ರಿಯಲ್ ಫಿಬ್ರಿಲೇಶನ್ ಕಾಣಿಸಿಲ್ಲ. ಆಗಾಗ ಹೆಚ್ಚುವರಿ ಬಡಿತ ಇದೆ, ವಾಚ್ ಅದನ್ನೇ ಹಿಡಿದಿರಬಹುದು ಅಂದರು ಡಾಕ್ಟರ್. ಸದ್ಯಕ್ಕೆ ಔಷಧಿ ಬೇಡ, ಎಚ್ಚರಿಕೆ ಮತ್ತೆ ಬಂದರೆ ಬನ್ನಿ ಅಂದಿದ್ದಾರೆ. ತೋಟ ಹತ್ತಬಹುದಾ ಅಂತ ಕೇಳಿದೆ. "ಹತ್ತದೇ ಇದ್ದರೆ ಬೈಯಿರಿ" ಅಂದರು. ಆಮೇಲೆ ಗೊರಕೆಯ ರೆಕಾರ್ಡಿಂಗ್ ಕೇಳಿಸಿದೆ. ಅವರು ನಗಲಿಲ್ಲ. ನಿದ್ದೆ ಪರೀಕ್ಷೆ ಬರೆದುಕೊಟ್ಟರು.

ನಿವೃತ್ತ_ಮೇಷ್ಟ್ರು · ರಾತ್ರಿ 9.15

ಹೋಲ್ಟರ್ ಅನ್ನುವುದು ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಎಂಬುವರ ಹೆಸರು. 1940ರ ದಶಕದಲ್ಲಿ ಅವರು ಮಾಡಿದ ಮೊದಲ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಿತ್ತು. ತೂಕ ಸುಮಾರು 38 ಕೆ.ಜಿ. ಮಾವನಿಗೆ ಹೇಳಿ, ಕಾಫಿ ಮೂಟೆಗೆ ಹನ್ನೆರಡು ಕೆ.ಜಿ. ಕಮ್ಮಿ ಅಷ್ಟೇ.

ಮಂಜರಾಬಾದ್_ಮಂಜು · ರಾತ್ರಿ 9.22

ಮೈದುನನ ಫೋನಿಗೆ ಇನ್ನೂ ಹೋಗುತ್ತಿದೆಯಾ ಲೆಕ್ಕ?

ಅರೇಹಳ್ಳಿ_ಸೊಸೆ · ರಾತ್ರಿ 9.40

ಅದೂ ತೀರ್ಮಾನ ಆಯಿತು. ಸಂಕ್ರಾಂತಿಗೆ ಬಂದಾಗ ಮಾವನೇ ಹೇಳಿದರು. "ಬಿದ್ದರೆ ನಿನಗೆ ಗೊತ್ತಾಗಲಿ. ಮಲಗಿದ್ದು, ಎದ್ದಿದ್ದು ಬೇಡ. ನಿನ್ನ ನಿದ್ದೆ ನಾನು ಕೇಳ್ತೀನಾ?" ಅವನಿಗೆ ಸ್ವಲ್ಪ ಬೇಜಾರಾಯಿತು. ಆದರೆ ಆಪ್‌ನಲ್ಲಿ ಬಿದ್ದ ಎಚ್ಚರಿಕೆ ಮಾತ್ರ ಬಿಟ್ಟು ಉಳಿದಿದ್ದನ್ನು ತೆಗೆದ. ಈಗ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಾನೆ. ಮಾವ ಅದಕ್ಕಾಗಿ ಏಳೂಮುಕ್ಕಾಲಿಗೇ ಕಣದ ಮೂಲೆಯಲ್ಲಿ ಹೋಗಿ ನಿಂತಿರುತ್ತಾರೆ, ಮಫ್ಲರ್ ಸುತ್ತಿಕೊಂಡು.

ಬೆಂಗಳೂರಲ್ಲಿರೋ_ಮಗ · ರಾತ್ರಿ 9.44

ಈ ಕೊನೆ ಸಾಲು ಓದಿ ಈಗ ಅಪ್ಪನಿಗೆ ಫೋನ್ ಮಾಡಿದೆ. "ಏನಾಯ್ತು, ಯಾಕೆ ಈ ಹೊತ್ತಲ್ಲಿ" ಅಂತ ಬೈದರು.

ಅರೇಹಳ್ಳಿ_ಸೊಸೆ · ಮಾರ್ಚ್ 8, ಬೆಳಗ್ಗೆ 10.20

ಕೊನೆಯ ಸುದ್ದಿ. ನಿದ್ದೆ ಪರೀಕ್ಷೆ ಮನೆಯಲ್ಲೇ ಆಯಿತು. ಮೂಗಿಗೆ ಸಣ್ಣ ಕೊಳವೆ, ಎದೆಗೆ ಬೆಲ್ಟ್, ಬೆರಳಿಗೆ ಕ್ಲಿಪ್. ಉಸಿರು ಗಂಟೆಗೆ 31 ಸಲ ನಿಂತೋ ಕಮ್ಮಿಯಾಗಿಯೋ ಹೋಗುತ್ತಿದೆ. ಕ್ಲಿಪ್ಪಿನಲ್ಲಿ ಆಕ್ಸಿಜನ್ 81ರವರೆಗೆ ಇಳಿದಿದೆ. ವಾಚು ಹೇಳಿದ್ದಕ್ಕಿಂತ ಕೆಳಗೆ! ತಾಳ ಸರಿಯಿಲ್ಲ ಅಂತ ವಾಚು ಹೆದರಿಸಿದಾಗ ನಾವು ಓಡಿದೆವು, ಅಲ್ಲಿ ಹೆದರುವಂಥದ್ದು ಇರಲಿಲ್ಲ. ಗೊರಕೆಗೆ ಎಂಟು ವರ್ಷ ನಕ್ಕೆವು.

ಈಗ ಸಿಪ್ಯಾಪ್ ಅನ್ನುವ ಮೆಷಿನ್ ಕೊಟ್ಟಿದ್ದಾರೆ. ಮುಖಕ್ಕೆ ಮಾಸ್ಕ್, ಅದಕ್ಕೆ ಉದ್ದ ಪೈಪು, ರಾತ್ರಿಯೆಲ್ಲ ಗಾಳಿ ಒತ್ತುತ್ತದೆ. ಮೊದಲ ದಿನ ಹಾಕಿಕೊಂಡು ಕನ್ನಡಿ ನೋಡಿದ ಮಾವ, "ಕಾಲರ್ ಆಯ್ತು, ಈಗ ಸೊಂಡಿಲೂ ಬಂತು. ಅರಣ್ಯ ಇಲಾಖೆಗೆ ಒಂದು ಮಾತು ಹೇಳಿಬಿಡು" ಅಂದರು. (ಮಂಜು ಅವರ ಕಾಲರ್ ಮಾತನ್ನು ನಾನೇ ಓದಿ ಹೇಳಿದ್ದೆ.) ಮೂರು ರಾತ್ರಿ ಕಿತ್ತೆಸೆದರು. ನಾಲ್ಕನೇ ರಾತ್ರಿ ಬೆಳಗಿನವರೆಗೆ ಹಾಕಿಕೊಂಡರು. ಅವತ್ತು ಮಧ್ಯಾಹ್ನ ಪೇಪರ್ ಪೂರ್ತಿ ಓದಿದರು. ರೊಬಸ್ಟಾ ರೇಟು ಇಳಿದಿದ್ದಕ್ಕೆ ಬೈದರು ಕೂಡ. ಅತ್ತೆ ಮಾತ್ರ ಮೆಷಿನ್ ಸದ್ದು ಪಲ್ಪರಿಗಿಂತ ಪರವಾಗಿಲ್ಲ, ಆದರೂ ಒಳಕೋಣೆಯೇ ಸರಿ ಅಂತಿದ್ದಾರೆ.

ಒಂದು ಪ್ರಶ್ನೆ. ನಿನ್ನೆ ಕಾಫಿ ಹೂ ಅರಳಿಸುವ ಹೂಮಳೆ ಬಂತು, ಗಾಳಿಗೆ ರಾತ್ರಿ ಎರಡು ಗಂಟೆ ಕರೆಂಟ್ ಇರಲಿಲ್ಲ. ಮೆಷಿನ್ ನಿಂತು ಮಾವ ಎದ್ದು ಕೂತರು. ಮಳೆಗಾಲದಲ್ಲಿ ಏನು ಮಾಡುವುದು?

ಮಂಜರಾಬಾದ್_ಮಂಜು · ಬೆಳಗ್ಗೆ 10.31

ನಿಮಗೆ ಹೂಮಳೆ ಬಂತಾ?! ನಮಗೆ ಬರೀ ಗುಡುಗು. ಎಷ್ಟು ಸೆಂಟು ಮಳೆ ಆಯಿತು? (ಗೊತ್ತಿಲ್ಲದವರಿಗೆ: ನೂರು ಸೆಂಟು ಅಂದರೆ ಒಂದು ಇಂಚು.)

ಸರ್ಕ್ಯೂಟ್ · ಬೆಳಗ್ಗೆ 10.58

ಮನೆ ಇನ್ವರ್ಟರ್‌ಗೆ ಹಾಕಿ, ಸಾಮಾನ್ಯವಾಗಿ ನಡೆಯುತ್ತದೆ. ಶುದ್ಧ ಸೈನ್ ವೇವ್ ಇನ್ವರ್ಟರ್ ಆಗಿರಲಿ. ಮೆಷಿನ್ ಕೊಟ್ಟವರನ್ನು ಒಂದು ಸಲ ಕೇಳಿಕೊಳ್ಳಿ. ಅದರಲ್ಲಿ ನೀರು ಬಿಸಿ ಮಾಡುವ ತೊಟ್ಟಿ ಇರುತ್ತದಲ್ಲ, ಜಾಸ್ತಿ ಕರೆಂಟ್ ತಿನ್ನುವುದು ಅದೇ. ಕರೆಂಟ್ ಇಲ್ಲದ ರಾತ್ರಿ ಬಿಸಿ ಮಾಡುವುದನ್ನು ಆಫ್ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ.

ಅರೇಹಳ್ಳಿ_ಸೊಸೆ · ಬೆಳಗ್ಗೆ 11.15

ಮನೆಯವರಿಗೆ ಹೇಳಿ ಈ ಶನಿವಾರವೇ ನೋಡಿಸುತ್ತೇನೆ. ಮಂಜು ಅವರೇ, ಎಂಬತ್ತು ಸೆಂಟು. ಮಾವ ಎರಡು ಸಲ ಅಳೆದರು.